ರೀಫ್ ಟ್ಯಾಂಕಿಗೆ ಒಂದು ರ‍್ಯಾಸ್ ಬಿಟ್ಟೋರು ಒಂದಕ್ಕೇ ಯಾಕೆ ನಿಲ್ಲಲ್ಲ?

ಉಪ್ಪುನೀರಿಗ:

ಎಲ್ರಿಗೂ ನಮಸ್ಕಾರ. ನಂದು 300 ಲೀಟರಿನ ರೀಫ್ (ಹವಳ ಬೆಳೆಸೋ ಉಪ್ಪುನೀರಿನ ಟ್ಯಾಂಕ್), 4 ಅಡಿ ಉದ್ದ, ಶುರು ಮಾಡಿ ಎರಡು ವರ್ಷ ಆಯ್ತು. ಹವಳ ಚೆನ್ನಾಗೇ ಬರ್ತಿದೆ, ಹ್ಯಾಮರ್ ಇದೆ, ಜೋವಾ ಹರಡ್ಕೊಂಡಿದೆ, ಈಗೀಗ ಮಾಂಟಿಪೋರಾನೂ ಹಿಡೀತಾ ಇದೆ. ಮೀನು ಅಂತ ಇರೋದು ಎರಡು ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಗೋಬಿ, ಅಷ್ಟೇ. ತೊಂದರೆ ಏನಪ್ಪಾ ಅಂದ್ರೆ ಟ್ಯಾಂಕಲ್ಲಿ ಜೀವಾನೇ ಇಲ್ಲ ಅನ್ಸುತ್ತೆ. ಕ್ಲೌನ್ ಎರಡೂ ಹ್ಯಾಮರ್ ಬಿಟ್ಟು ಕದಲಲ್ಲ, ಗ್ರಾಮಾ ತನ್ನ ಗುಹೆ ಬಾಗಿಲು ಕಾಯ್ತಾ ಕೂತಿರುತ್ತೆ, ಗೋಬಿ ಇದ್ಯೋ ಇಲ್ವೋ ಅಂತ ವಾರಕ್ಕೊಂದ್ಸಲ ಹುಡುಕ್ಬೇಕು. ಮಧ್ಯದ ನೀರೆಲ್ಲ ಖಾಲಿ ಸೈಟ್ ಥರ ಬಿದ್ದಿದೆ.

ಯಾರ್ನ ಕೇಳಿದ್ರೂ ರ‍್ಯಾಸ್ ಹಾಕು ಅಂತಾರೆ, ಅದೇ ಆ ಬಣ್ಣಬಣ್ಣದ ಹವಳದ ದಂಡೆ ಮೀನು. ಒಂದು ಹಾಕ್ದೋರ ಹತ್ರ ಆರು ತಿಂಗಳು ಬಿಟ್ಟು ನೋಡಿದ್ರೆ ಐದು ಇರುತ್ತೆ. ಬಣ್ಣ ಚೆನ್ನಾಗಿರುತ್ತೆ ಅನ್ನೋದು ಗೊತ್ತು, ಆದ್ರೆ ಬಣ್ಣದ ಮೀನು ಬೇರೆ ಬೇಕಾದಷ್ಟು ಇದ್ಯಲ್ಲ? ಈ ಹುಚ್ಚು ಯಾಕೆ ಅಂತ ಇಟ್ಕೊಂಡೋರು ಸ್ವಲ್ಪ ಬಿಡಿಸಿ ಹೇಳಿ. ಹಾರಿ ಸಾಯುತ್ತೆ, ಮರಳಲ್ಲಿ ಹೂತ್ಕೊಳ್ಳುತ್ತೆ, ಜಗಳಗಂಟಿ ಅಂತೆಲ್ಲ ಕೇಳಿದೀನಿ, ಅದೂ ಎಷ್ಟು ನಿಜ ಹೇಳಿ.

ಹವಳದಂಗಡಿ:

ಗುರು, ಐದು ಅಂದ್ಯಲ್ಲ, ನನ್ ಹತ್ರ ಏಳಿದೆ, ನಾನೂ ಒಂದರಿಂದಲೇ ಶುರು ಮಾಡಿದ್ದು 😄

ಬಣ್ಣ ಅಂತ ತಗೊಂಡ್ ಬರ್ತೀವಿ, ಒಪ್ಕೋತೀನಿ. ಆದ್ರೆ ಕಟ್ಟಿ ಹಾಕೋದು ಬಣ್ಣ ಅಲ್ಲ, ಅದು ನೋಡೋ ರೀತಿ. ಬೇರೆ ಮೀನುಗಳು ಈಜ್ತವೆ, ರ‍್ಯಾಸ್ ತಪಾಸಣೆ ಮಾಡುತ್ತೆ. ಒಂದು ಕಲ್ಲಿನ ಹತ್ರ ಬರುತ್ತೆ, ನಿಲ್ಲುತ್ತೆ, ಮೈ ಅಲ್ಲಾಡಿಸ್ದೆ ಒಂದು ಕಣ್ಣು ಮೇಲೆ ಒಂದು ಕಣ್ಣು ಕೆಳಗೆ ತಿರುಗಿಸಿ ಸಂದಿಯೆಲ್ಲ ನೋಡುತ್ತೆ, ಟಕ್ ಅಂತ ಏನೋ ಒಂದು ಕಿತ್ಕೊಂಡು ಮುಂದಿನ ಕಲ್ಲಿಗೆ ಹೋಗುತ್ತೆ. ಬೆಳಗ್ಗೆ ಲೈಟ್ ಬಂದಾಗಿಂದ ಸಂಜೆವರೆಗೂ ಅದೇ ಡ್ಯೂಟಿ. ಈಜೋದೂ ಬೇರೆ ಥರ, ಬಾಲ ಬೀಸಲ್ಲ, ಪಕ್ಕದ ಎರಡು ರೆಕ್ಕೆ ಬಡ್ಕೊಂಡು ಹಕ್ಕಿ ಥರ ಹೋಗುತ್ತೆ, ಬಾಲ ಉಪಯೋಗಿಸೋದು ಓಡ್ಬೇಕಾದಾಗ ಮಾತ್ರ. ನೀನು ಗ್ಲಾಸ್ ಮುಂದೆ ಬಂದ್ರೆ ನಿನ್ನನ್ನೂ ಹಂಗೇ ನೋಡುತ್ತೆ, ಸಿಕ್ಸ್‌ಲೈನ್ ಅನ್ನೋ ರ‍್ಯಾಸ್ ಅಂತೂ ಬಂದೋರ್ಯಾರು ಅಂತ ಕಿಟಕಿಗೆ ಮುಖ ಹಾಕೋ ಪಕ್ಕದ್ಮನೆ ಅಜ್ಜಿ ಇದ್ದಂಗೆ.

ಇನ್ನೊಂದು ವಿಷಯ ಫ್ಲಾಶರ್ ರ‍್ಯಾಸ್. 7-8 ಸೆಂಟಿಮೀಟರ್ ಮೀನು ಅಷ್ಟೇ, ಮಾಮೂಲಿ ಹೊತ್ತಲ್ಲಿ ರೆಕ್ಕೆ ಮಡಚ್ಕೊಂಡು ಸಾದಾ ಕೆಂಪಗೆ ಓಡಾಡ್ಕೊಂಡಿರುತ್ತೆ, ಇದಕ್ಕಾ ಇಷ್ಟು ದುಡ್ಡು ಕೊಟ್ಟೆ ಅನ್ಸುತ್ತೆ. ಮಧ್ಯಾಹ್ನ ಕಳೀತಾ ಬಂದ ಹಾಗೆ ಒಂದ್ಸಲ ಬೆನ್ನಿನ ರೆಕ್ಕೆ, ಹೊಟ್ಟೆ ಕೆಳಗಿನ ರೆಕ್ಕೆ ಎಲ್ಲಾ ಪೂರ್ತಿ ಬಿಚ್ಚಿ, ಮೈಮೇಲಿನ ನೀಲಿ ಗೆರೆಗಳಿಗೆ ಯಾರೋ ಸ್ವಿಚ್ ಹಾಕ್ದಂಗೆ ಹೊಳೆಸ್ಕೊಂಡು ಹೆಣ್ಣಿನ ಮುಂದೆ ಬಾಣದ ಥರ ಹಾದು ಹೋಗುತ್ತೆ. ಒಂದೆರಡು ಸೆಕೆಂಡು, ಮತ್ತೆ ಮಾಮೂಲಿ. ಫೋಟೋ ತೆಗಿಯಕ್ಕೆ ಹೋದ್ರೆ ಮಾಡಲ್ಲ ನನ್ಮಗಂದು. ಅದಕ್ಕೇ ಫ್ಲಾಶರ್ ಅಂತ ಹೆಸರು. ಆ ಎರಡು ಸೆಕೆಂಡಿಗೋಸ್ಕರ ಕುರ್ಚಿ ಹಾಕ್ಕೊಂಡು ಅರ್ಧ ಗಂಟೆ ಕೂತಿದೀನಿ ನಾನು.

ನಿನ್ ಮಾಂಟಿಪೋರಾಗೆ ಲಾಭಾನೂ ಇದೆ. ಮೆಲನುರಸ್, ಯೆಲ್ಲೋ ಕೋರಿಸ್ ಥರದ ರ‍್ಯಾಸ್ ಚಪ್ಪಟೆ ಹುಳ, ಚಿಕ್ಕ ಬ್ರಿಸಲ್ ವರ್ಮ್ (ಮೈಮೇಲೆ ಮುಳ್ಳುಕೂದಲಿರೋ ಹುಳ), ಮಾಂಟಿಪೋರಾ ತಿನ್ನೋ ಪುಟ್ಟ ನುಡಿಬ್ರಾಂಕ್ (ಚಿಪ್ಪಿಲ್ಲದ ಸಮುದ್ರ ಬಸವನಹುಳ) ಇವನ್ನೆಲ್ಲ ಹೆಕ್ಕಿ ತಿನ್ನುತ್ತೆ. ಗ್ಯಾರಂಟಿ ಔಷಧಿ ಅಂತ ಹೇಳ್ತಿಲ್ಲ, ಎಷ್ಟೋ ಮೀನು ಮೂಸೂ ನೋಡಲ್ಲ, ಆದ್ರೆ ದಿನಾ ಕಲ್ಲು ಸೋಸೋ ಕಣ್ಣು ಒಂದಿದ್ರೆ ಒಳ್ಳೇದೇ ಅಲ್ವಾ.

ಮುಚ್ಚಳ_ಹಾಕ್ರಪ್ಪ:

ಹೊಗಳಿದ್ದು ಸಾಕು, ನಾನು ಅಳೋ ಭಾಗ ಹೇಳ್ತೀನಿ. ನನ್ನ ಐಡಿ ನೋಡಿದ್ರೇ ಗೊತ್ತಾಗುತ್ತೆ.

ಹಾರುತ್ತೆ. "ನಮ್ದು ಹಾರಲ್ಲ ಸರ್" ಅನ್ನೋರ ಮೀನು ಇನ್ನೂ ಹಾರಿಲ್ಲ ಅಂತಷ್ಟೇ ಅರ್ಥ. ನನ್ನ ಮೊದಲ್ನೇ ಫೇರಿ ರ‍್ಯಾಸ್, ಒಳ್ಳೇ ಗಂಡು, ಎಂಟು ತಿಂಗಳು ಏನೂ ತಂಟೆ ಮಾಡದೆ ಇತ್ತು, ಒಂದು ರಾತ್ರಿ ಮನೇಲಿ ಯಾರೋ ಹಾಲ್ ಲೈಟ್ ಹಾಕಿದ್ರು ಅಷ್ಟೇ, ಬೆಳಗ್ಗೆ ಸೋಫಾ ಕೆಳಗೆ ಒಣಗಿ ಕಡ್ಡಿ ಆಗಿತ್ತು. ಮೇಲ್ಗಡೆ ಪೂರ್ತಿ ತೆರೆದಿರ್ಲಿಲ್ಲ ಗೊತ್ತಾ, ಮುಕ್ಕಾಲು ಭಾಗ ಗ್ಲಾಸ್ ಮುಚ್ಚಿತ್ತು, ಉಳಿದ ಕಾಲು ಭಾಗವೇ ಅದಕ್ಕೆ ಸಿಕ್ಕಿದ್ದು. ಗಾಬರಿ ಆದ್ರೆ, ಬೇರೆ ಮೀನು ಅಟ್ಟಿಸ್ಕೊಂಡು ಬಂದ್ರೆ, ಹೊಸದಾಗಿ ಬಿಟ್ಟ ಮೊದಲ ವಾರ, ಈ ಮೂರು ಟೈಮಲ್ಲಿ ಜಾಸ್ತಿ. ಹಾಗಾಗಿ ಮೀನು ತರೋ ಮುಂಚೆ ಮೆಶ್ ಮುಚ್ಚಳ ಮಾಡ್ಕೊ, ಕಣ್ಣು 6 ಮಿಲಿಮೀಟರಿಗಿಂತ ದೊಡ್ಡದಿರಬಾರದು, ಪಾರದರ್ಶಕ ನೈಲಾನ್ ಬಲೆ ಆದ್ರೆ ಬೆಳಕೂ ತಡೆಯಲ್ಲ ಗಾಳಿನೂ ಆಡುತ್ತೆ. ಓವರ್‌ಫ್ಲೋ ಬಾಕ್ಸ್ (ನೀರು ಕೆಳಗೆ ಇಳಿದು ಹೋಗೋ ಪೆಟ್ಟಿಗೆ) ಬಾಯಿಗೂ ಹಾಕು, ಇಲ್ಲಾಂದ್ರೆ ಸತ್ತೋಯ್ತು ಅಂತ ಅಳ್ತಾ ಕೂತಿರ್ತೀಯ, ಅದು ಕೆಳಗಿನ ಫಿಲ್ಟರ್ ತೊಟ್ಟಿ, ಅಂದ್ರೆ ಸಂಪಲ್ಲಿ, ಕೊಳೆ ತೆಗಿಯೋ ಸ್ಕಿಮ್ಮರ್ ಪಕ್ಕ ಆರಾಮಾಗಿ ಇರುತ್ತೆ.

ಇನ್ನು ಮೇಲಿನೋರು ಅಜ್ಜಿ ಅಂದ ಆ ಸಿಕ್ಸ್‌ಲೈನ್. ಮಾರಾಯ್ರೆ, ದಯವಿಟ್ಟು ಅದನ್ನ ಮೊದಲ್ನೇ ರ‍್ಯಾಸ್ ಮಾಡ್ಕೋಬೇಡಿ. ಒಂದೇ ಇಟ್ಕೋತೀನಿ, ಮುಂದೆ ಬೇರೆ ಏನೂ ಹಾಕಲ್ಲ ಅಂದ್ರೆ ಅದರಂಥ ಮೀನಿಲ್ಲ, ಗಟ್ಟಿಮುಟ್ಟು, ಏನು ಹಾಕಿದ್ರೂ ತಿನ್ನುತ್ತೆ. ಆದ್ರೆ ಆರು ತಿಂಗಳಲ್ಲಿ ಟ್ಯಾಂಕ್ ಪೂರ್ತಿ ಅದರ ಹೆಸರಿಗೆ ರಿಜಿಸ್ಟರ್ ಆಗಿರುತ್ತೆ. ಆಮೇಲೆ ಫ್ಲಾಶರ್ ತಂದು ಬಿಟ್ರೆ ಅದು ಒಂದು ಮೂಲೆ ಸೇರಿ ಊಟ ಬಿಟ್ಟು ಸಾಯುತ್ತೆ. ಹಿಡಿದು ತೆಗೀತೀನಿ ಅಂದ್ರೆ ಕಲ್ಲೆಲ್ಲ ಬಿಚ್ಚಬೇಕು, ನಾನು ಬಿಚ್ಚಿದೀನಿ, ಒಂದು ಭಾನುವಾರ ಪೂರ್ತಿ ಹೋಯ್ತು, ಎರಡು ಹವಳ ಮುರೀತು, ಮೀನು ಸಿಕ್ಕಿದ್ದು ಮಂಗಳವಾರ.

ಇಷ್ಟೆಲ್ಲ ಆದ್ಮೇಲೂ ಈಗ ನನ್ ಹತ್ರ ಮೂರು ರ‍್ಯಾಸ್ ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಅದೇ ಇರ್ಬೇಕು.

ಮರಳಮ್ಮ:

ಉಪ್ಪುನೀರಿಗ ಅವರೇ, ಒಂದು ಮಾತು ಮೊದಲೇ ಹೇಳ್ತೀನಿ. ರ‍್ಯಾಸ್ ಅನ್ನೋದು ಒಂದು ಮೀನಲ್ಲ, 600ರ ಆಸುಪಾಸು ಜಾತಿ ಇರೋ ಸಂಸಾರ, ಬೆರಳುದ್ದದ ಪಾಸಮ್ ರ‍್ಯಾಸೂ ಅದರಲ್ಲೇ, 2 ಮೀಟರ್ ತನಕ ಬೆಳೆಯೋ ನೆಪೋಲಿಯನ್ನೂ ಅದರಲ್ಲೇ. ಅಂಗಡೀಲಿ ಬಿಳಿ ಮೈ, ಬೆನ್ನ ಮೇಲೆ ಎರಡು ಕಿತ್ತಳೆ ಮಚ್ಚೆ ಇರೋ ಪುಟಾಣಿ ಮರಿ ಸಿಗುತ್ತೆ, ಮುದ್ದು ಅಂದ್ರೆ ಮುದ್ದು, ಅದು ಕೋರಿಸ್ ಐಗುಲಾ, ಬೆಳೆದ್ರೆ ಒಂದು ಮೀಟರ್. ನಿಮ್ಮ ಟ್ಯಾಂಕೇ 4 ಅಡಿ! ಡ್ರ್ಯಾಗನ್ ರ‍್ಯಾಸ್ ಅಂತ ಪಾಚಿ ತುಣುಕಿನ ಥರ ತೇಲ್ಕೊಂಡಿರೋ ಮರಿ ಮಾರ್ತಾರೆ, ದೊಡ್ಡದಾದ್ರೆ ಬಾಯಲ್ಲಿ ಕಲ್ಲು ಎತ್ತಿ ಮಗುಚಿ ಅಡಿಯಲ್ಲಿರೋ ಸಿಗಡಿ ಏಡಿ ಎಲ್ಲ ಖಾಲಿ ಮಾಡುತ್ತೆ, ನೀವು ಅಂಟಿಸಿರೋ ಹವಳ ಅದಕ್ಕೆ ಬರೀ ಇನ್ನೊಂದು ಕಲ್ಲು. ಹಾಗಾಗಿ ಮರಿ ನೋಡಿ ಮರುಳಾಗ್ಬೇಡಿ, ಹೆಸರು ಕೇಳ್ಕೊಂಡು ಮನೆಗೆ ಬಂದು ಓದಿ ಆಮೇಲೆ ಹೋಗಿ ತನ್ನಿ.

ಈಗ ನಿದ್ದೆ ವಿಷಯ, ನನಗೆ ರ‍್ಯಾಸ್ ಹುಚ್ಚು ಹಿಡಿಸಿದ್ದೇ ಇದು. ಇವು ಮಲಗೋದು ಎರಡು ಥರ. ಹ್ಯಾಲಿಕೋರಿಸ್ ಗುಂಪು, ಅಂದ್ರೆ ಮೆಲನುರಸ್, ಯೆಲ್ಲೋ ಕೋರಿಸ್ ಇವೆಲ್ಲ, ಮತ್ತೆ ಲೆಪರ್ಡ್ ರ‍್ಯಾಸ್, ಇವು ಲೈಟ್ ಆರೋ ಹೊತ್ತಿಗೆ ತಲೆ ಮುಂದೆ ಮಾಡಿ ಮರಳಿಗೆ ಧುಮುಕಿ ಮಾಯ. ಟೈಮಿಗೆ ಸರಿಯಾಗಿ, ದಿನಾ ಹೆಚ್ಚುಕಮ್ಮಿ ಅದೇ ಜಾಗ. ನನ್ನ ಲೆಪರ್ಡ್ ಹೆಣ್ಣು ಲೈಟ್ ಮಂಕಾಗೋಕೆ ಹತ್ತು ನಿಮಿಷ ಮುಂಚೇನೇ ಹಾಸಿಗೆ ಕೊಡವೋರ ಥರ ಮರಳ ಮೇಲೆ ಎರಡು ಸುತ್ತು ಹಾಕಿ ಹೋಗಿ ಮಲಗುತ್ತೆ. ಫೇರಿ, ಫ್ಲಾಶರ್, ಸಿಕ್ಸ್‌ಲೈನ್, ಪಾಸಮ್ ಇವು ಕಲ್ಲಿನ ಸಂದಿಗೆ ಹೋಗಿ ಬಾಯಿಂದ ಲೋಳೆ ಬಿಟ್ಟು ಮೈ ಸುತ್ತ ಒಂದು ಪಾರದರ್ಶಕ ಚೀಲ ಕಟ್ಕೊಂಡು ಅದರೊಳಗೆ ಮಲಗ್ತವೆ. ರಾತ್ರಿ ಟಾರ್ಚ್ ಹಾಕಿ ನೋಡಿದ್ರೆ ಸೊಳ್ಳೆ ಪರದೆ ಒಳಗೆ ಮಲಗಿದಂಗೆ ಕಾಣುತ್ತೆ, ಬೆಳಗ್ಗೆ ಆ ಚೀಲ ಹರಿದು ಪಂಪ್ ಸೆಳವಿಗೆ ತೇಲ್ತಿರುತ್ತೆ. ಮೊದಲ್ನೇ ಸಲ ನೋಡಿದಾಗ ಯಾವ್ದೋ ಹವಳ ಕೊಳೀತಿದೆ ಅಂತ ಗಾಬರಿಯಾಗಿ ನೀರಿನ ಟೆಸ್ಟ್ ಎಲ್ಲಾ ಮಾಡಿದ್ದೆ ನಾನು.

ಹಾಗಾಗಿ ನಿಮ್ಮ ಟ್ಯಾಂಕಲ್ಲಿ ಮರಳು ಎಷ್ಟಿದೆ ಅನ್ನೋದ್ರ ಮೇಲೆ ನಿಮ್ಮ ಲಿಸ್ಟ್. ನುಣ್ಣನೆ ಮರಳು ಕನಿಷ್ಠ 5 ಸೆಂಟಿಮೀಟರ್ ಇದ್ರೆ ಮಾತ್ರ ಮೊದಲ್ನೇ ಗುಂಪು. ದಪ್ಪ ಹವಳಚೂರು ಹಾಕಿದ್ರೆ ಮೈ ಮೂತಿ ತರಚ್ಕೊಂಡು ಸೋಂಕಾಗುತ್ತೆ. ಬರೀ ಗ್ಲಾಸ್ ತಳ ಇದ್ರೆ ಎರಡನೇ ಗುಂಪು, ಅವಕ್ಕೆ ಮರಳು ಬೇಡವೇ ಬೇಡ. ಕ್ವಾರಂಟೈನ್ ಟ್ಯಾಂಕಲ್ಲೂ ಅಷ್ಟೇ, ಮರಳಲ್ಲಿ ಮಲಗೋದಕ್ಕೆ ಒಂದು ಪ್ಲಾಸ್ಟಿಕ್ ಡಬ್ಬೀಲಿ ಮರಳು ತುಂಬಿ ಇಡ್ಲೇಬೇಕು, ಇಲ್ಲಾಂದ್ರೆ ರಾತ್ರಿಯೆಲ್ಲ ಬರೀ ತಳಕ್ಕೆ ಮೂತಿ ಗುದ್ದಿ ಗುದ್ದಿ ಗಾಯ ಮಾಡ್ಕೊಳ್ಳುತ್ತೆ.

ಲೆಪರ್ಡ್ ನೋಡಕ್ಕೆ ಚೆನ್ನ ಆದ್ರೆ ನಿಮ್ಮ ಮೊದಲ್ನೇದು ಅದಾಗೋದು ಬೇಡ. ಹೊಟ್ಟೆ ಬೆನ್ನಿಗಂಟಿದ್ದೇ ಬರುತ್ತೆ ಬಹಳಷ್ಟು ಸಲ, ದಿನವಿಡೀ ಕಲ್ಲ ಮೇಲಿನ ಕೋಪೆಪಾಡ್ ಅನ್ನೋ ಪುಟಾಣಿ ಜೀವಿ ಹೆಕ್ಕಿ ತಿನ್ನೋ ಜಾತಿ, ಹಳೇ ಟ್ಯಾಂಕೇ ಬೇಕು, ನಾವು ಹಾಕೋ ಮೈಸಿಸ್ (ಪುಟ್ಟ ಸಿಗಡಿಯಂಥ ಆಹಾರ) ಅಂದ್ರೆ ಊಟ ಅಂತ ಅರ್ಥ ಆಗೋಕೇ ವಾರ ತಗೊಳ್ಳುತ್ತೆ.

ಅಲೆ_ಮೇಲೆ_ಅಲೆ:

ನಂದೊಂದು ಸಲಹೆ, ಕ್ಲೀನರ್ ರ‍್ಯಾಸ್ ಹಾಕಿ. ಬೇರೆ ಮೀನಿನ ಮೈ ಕ್ಲೀನ್ ಮಾಡುತ್ತೆ, ಬಿಳಿ ಚುಕ್ಕೆ ರೋಗಾನೂ ಬರಲ್ಲ. ಬಾಯೊಳಗೇ ಹೋಗಿ ಬರುತ್ತೆ ನೋಡಕ್ಕೇ ಮಜಾ.

ಮರಳಮ್ಮ:

ಅಲೆಯವರೇ, ಬೇಜಾರ್ ಮಾಡ್ಕೋಬೇಡಿ, ಇದನ್ನ ಮಾತ್ರ ಒಪ್ಪಲ್ಲ. ಅದು ತಿನ್ನೋದು ಮುಖ್ಯವಾಗಿ ನಾಥಿಡ್ ಅಂತ ರಕ್ತ ಹೀರೋ ಪುಟ್ಟ ಹುಳ ಮತ್ತೆ ಮೀನಿನ ಮೈಮೇಲಿನ ಲೋಳೆ. ಬಿಳಿ ಚುಕ್ಕೆ ಜೀವಿ ಚರ್ಮದ ಒಳಗೆ ಕೂತಿರುತ್ತೆ, ಹೊರಗೆ ಬಂದ್ರೆ ಮರಳಿಗೆ ಬಿದ್ದು ಮರಿ ಮಾಡುತ್ತೆ, ಅದಕ್ಕೂ ಕ್ಲೀನರಿಗೂ ಏನೂ ಸಂಬಂಧ ಇಲ್ಲ. ಹವಳದ ದಂಡೇಲಿ ಅದರ ಹತ್ರ ದಿನಕ್ಕೆ ನೂರಾರು ಮೀನು ಸಾಲು ನಿಂತು ಮೈ ತೋರಿಸ್ತವೆ, ಉಪ್ಪುನೀರಿಗ ಅವರ ಟ್ಯಾಂಕಲ್ಲಿ ಇರೋದು ನಾಲ್ಕು. ಆ ನಾಲ್ಕನ್ನೇ ದಿನವಿಡೀ ಕುಟುಕ್ತಾ ಇದ್ರೆ ಅವಕ್ಕೂ ನೆಮ್ಮದಿ ಇಲ್ಲ ಇದಕ್ಕೂ ಹೊಟ್ಟೆ ತುಂಬಲ್ಲ. ಡಬ್ಬಿ ಆಹಾರ ಕಲಿತು ವರ್ಷಗಟ್ಟಲೆ ಬದುಕಿರೋದೂ ಉಂಟು, ಆದ್ರೆ ಹಸಿದು ಸಾಯೋದೇ ಜಾಸ್ತಿ.

ಬುದ್ಧಿವಂತ ಮೀನು ಅನ್ನೋದು ಮಾತ್ರ ಸತ್ಯ. 2019ರಲ್ಲಿ ಪ್ರಕಟ ಆದ ಪ್ರಯೋಗ ಒಂದರಲ್ಲಿ, ಅದರ ಗಂಟಲ ಕೆಳಗೆ ಬಣ್ಣದ ಗುರುತು ಮಾಡಿ ಕನ್ನಡಿ ಇಟ್ರೆ, ಕನ್ನಡಿ ನೋಡ್ಕೊಂಡ್ ಬಂದು ಗಂಟಲನ್ನ ತಳಕ್ಕೆ ಉಜ್ತಿತ್ತು. ಬಣ್ಣ ಇಲ್ದಿದ್ರೆ ಉಜ್ತಿರ್ಲಿಲ್ಲ, ಕನ್ನಡಿ ಇಲ್ದಿದ್ರೂ ಉಜ್ತಿರ್ಲಿಲ್ಲ. ಅಂಥಾ ಪ್ರಾಣೀನ ಉಪವಾಸ ಕೆಡವೋದು ಯಾಕೆ ಅಂತ ನನ್ನ ವಾದ.

ಅಲೆ_ಮೇಲೆ_ಅಲೆ:

ಸರಿ ಮೇಡಂ, ನನ್ ಹತ್ರ ಇರೋದು ಒಂದೂವರೆ ವರ್ಷದಿಂದ ಪೆಲೆಟ್ ತಿಂತಿದೆ, ಅದೃಷ್ಟ ಅನ್ಕೋತೀನಿ. ಮತ್ತೊಬ್ರಿಗೆ ಹೇಳಲ್ಲ ಬಿಡಿ.

ಹವಳದಂಗಡಿ:

ಮುಖ್ಯವಾದ್ದೇ ಮರೆತಿದ್ದೆ, ಲಿಂಗ ಬದಲಾಗೋದು! ಇವುಗಳಲ್ಲಿ ಬಹುಪಾಲು ಹೆಣ್ಣಾಗಿ ಬೆಳೆದು ಆಮೇಲೆ ಗಂಡಾಗ್ತವೆ. ಅಟ್ಲಾಂಟಿಕ್ ಕಡೆ ಬ್ಲೂಹೆಡ್ ಅಂತ ಒಂದಿದೆ, ಗುಂಪಿನ ಗಂಡನ್ನ ತೆಗೆದ್ರೆ ಅದೇ ದಿನ ದೊಡ್ಡ ಹೆಣ್ಣು ಗಂಡಿನ ಗತ್ತಲ್ಲಿ ಓಡಾಡಕ್ಕೆ ಶುರು ಮಾಡುತ್ತೆ, ಹತ್ತು ದಿನದ ಒಳಗೆ ವೀರ್ಯಾನೂ ತಯಾರು. ನಮ್ಮ ಟ್ಯಾಂಕಲ್ಲಿ ಅಷ್ಟು ಬೇಗ ಬಣ್ಣ ಬರಲ್ಲ, ತಿಂಗಳುಗಟ್ಟಲೆ ಆಗುತ್ತೆ, ಆದ್ರೆ ಅದೇ ಮಜಾ. ಸಾದಾ ಗುಲಾಬಿ ಬಣ್ಣದ ಹೆಣ್ಣು ತಂದಿದ್ದೆ, ಮೊದಲು ಬಾಲದ ಹತ್ರದ ಚುಕ್ಕೆ ಮಾಸ್ತು, ಆಮೇಲೆ ತಲೆ ಮೇಲೆ ಒಂದು ಗೆರೆ ಬಂತು, ರೆಕ್ಕೆಗೆ ಅಂಚು ಬಂತು, ವರ್ಷ ಆಗೋ ಹೊತ್ತಿಗೆ ಬೇರೆ ಮೀನೇ ಆಯ್ತು. ದುಬಾರಿ ಗಂಡು ತರೋ ಬದಲು ಹೆಣ್ಣು ತಂದು ಕಾಯಿ, ಸಾಗಾಟಾನೂ ಚೆನ್ನಾಗಿ ತಡ್ಕೊಳ್ಳುತ್ತೆ. ಇನ್ನೊಂದು, ಗಂಡು ಒಂದೇ ಇದ್ರೆ ನಿಧಾನಕ್ಕೆ ಬಣ್ಣ ಮಂಕಾಗೋದುಂಟು, ಮೆರೆಯಕ್ಕೆ ಯಾರೂ ಇಲ್ವಲ್ಲ. ಅದೇ ಜಾತಿ ಹೆಣ್ಣು ಇದ್ರೆ ಒಳ್ಳೇದು, ಇಲ್ಲಾ ಬೇರೆ ಜಾತಿ ಫೇರಿ ಗಂಡು ಎದುರಿಗಿದ್ರೂ ಎದೆ ಉಬ್ಬಿಸ್ಕೊಂಡು ತಿರುಗುತ್ತೆ. ಒಂದರಿಂದ ಐದು ಆಗೋದು ಹಿಂಗೇ ಗುರು, ನಾವು ಮಾಡೋದಲ್ಲ.

ಹುಡುಕಾಟಾನೂ ಮುಗಿಯಲ್ಲ. ಮಾಲ್ಡೀವ್ಸ್‌ನ ಆಳದ ಹವಳದಲ್ಲಿರೋ ಒಂದು ಫೇರಿ ರ‍್ಯಾಸ್, ಗುಲಾಬಿ ನೇರಳೆ ಬಣ್ಣ, ಎಷ್ಟೋ ವರ್ಷ ಬೇರೆ ಜಾತಿ ಅಂದ್ಕೊಂಡಿದ್ರು, 2022ರಲ್ಲಿ ಅದು ಹೊಸದೇ ಅಂತಾಗಿ ಫಿನಿಫೆನ್ಮಾ ಅಂತ ಹೆಸರಿಟ್ರು, ಅಲ್ಲಿನ ಭಾಷೇಲಿ ಗುಲಾಬಿ ಹೂ ಅಂತ ಅರ್ಥ.

ಮುಚ್ಚಳ_ಹಾಕ್ರಪ್ಪ:

ನಿಮ್ಮ ಟ್ಯಾಂಕಿಗೆ ನನ್ನ ಲೆಕ್ಕ: ಮರಳಿದ್ರೆ ಒಂದು ಮೆಲನುರಸ್, ಒಂದು ಫೇರಿ, ಬೇಕಾದ್ರೆ ಒಂದು ಫ್ಲಾಶರ್. ಸಾಧ್ಯ ಆದ್ರೆ ಒಟ್ಟಿಗೇ ಬಿಡಿ, ಆಗ್ಲಿಲ್ಲಾಂದ್ರೆ ಸಾಧು ಇರೋದು ಮೊದಲು ಜೋರಿರೋದು ಕೊನೆಗೆ, ಅಂದ್ರೆ ಫ್ಲಾಶರ್, ಫೇರಿ, ಮೆಲನುರಸ್. ತೂತಿರೋ ಅಕ್ರಿಲಿಕ್ ಪೆಟ್ಟಿಗೇಲಿ ನಾಲ್ಕೈದು ದಿನ ಟ್ಯಾಂಕ್ ಒಳಗೇ ಇಟ್ಟು ಮುಖ ಪರಿಚಯ ಮಾಡ್ಸಿ ಆಮೇಲೆ ಬಿಡಿ. ಫೇರಿ ಫ್ಲಾಶರ್ ಎರಡೂ ನೀರಲ್ಲಿ ತೇಲೋದನ್ನ ತಿನ್ನೋವು, ಹವಳ ಸಿಗಡಿ ಮುಟ್ಟಲ್ಲ. ಮೆಲನುರಸ್ ಹವಳ ಮುಟ್ಟಲ್ಲ, ಆದ್ರೆ ಚಿಕ್ಕ ಸಿಗಡಿ, ಸಣ್ಣ ಬಸವನಹುಳ, ಬೀಸಣಿಗೆ ಹುಳ ಇದ್ರೆ ಆಸೆ ಬಿಡಿ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಊಟ ಹಾಕಿ, ಇವು ಓಡಾಡೋ ಓಟಕ್ಕೆ ಒಂದು ಹೊತ್ತಿನ ಊಟ ಸಾಲಲ್ಲ.

ಉಪ್ಪುನೀರಿಗ:

ಎಲ್ರಿಗೂ ಥ್ಯಾಂಕ್ಸ್. ಅಪ್ಡೇಟ್ ಏನಂದ್ರೆ, ಕ್ವಾರಂಟೈನ್ ಮುಗಿಸಿ (ಮರಳ ಡಬ್ಬಿ ಇಟ್ಟಿದ್ದೆ ಮರಳಮ್ಮ ಅವ್ರೇ) ಒಂದು ಫೇರಿ ಹೆಣ್ಣು ಮತ್ತೆ ಒಂದು ಮೆಲನುರಸ್ ಪೆಟ್ಟಿಗೆಯಿಂದ ಬಿಟ್ಟೆ. ಫೇರಿ ಆರಾಮಾಗಿದೆ. ಮೆಲನುರಸ್ ಬಿಟ್ಟ ಅರ್ಧ ನಿಮಿಷಕ್ಕೆ ಮರಳೊಳಗೆ ಹೋಗಿದ್ದು ಇವತ್ತಿಗೆ ಮೂರು ದಿನ, ಪತ್ತೆ ಇಲ್ಲ. ಸತ್ತಿದ್ಯಾ? ಚಮಚ ಹಾಕಿ ಕೆದಕಿ ನೋಡ್ಲಾ?

ಮರಳಮ್ಮ:

ಕೆದಕ್ಬೇಡಿ! ಕೈಯನ್ನೇ ಹಾಕ್ಬೇಡಿ. ಜಾಗ ಬದಲಾದ ಮೇಲೆ ಕೆಲವು ದಿನ ಹೀಗೆ ಮಾಡೋದು ಮಾಮೂಲಿ, ವಾರ ಕಳೆದು ಬಂದಿದ್ದೂ ಇದೆ. ದೂರದಿಂದ ಬಂದ ಮೀನುಗಳು ಹಳೇ ಊರಿನ ಹಗಲು ರಾತ್ರಿ ಲೆಕ್ಕದಲ್ಲೇ ಸ್ವಲ್ಪ ದಿನ ಇರ್ತವೆ, ನೀವು ಮಲಗಿರುವಾಗ ಎದ್ದು ಒಂದು ಸುತ್ತು ಹಾಕಿ ಮತ್ತೆ ಮಲಗ್ತಿರಬಹುದು. ನೀವು ಕೆದಕಿದ್ರೆ ಗಾಯ ಆಗೋದು ಅದಕ್ಕೆ. ಸತ್ತು ಕೊಳೀತಿದ್ರೆ ನೀರಲ್ಲಿ ಅಮೋನಿಯಾ ಏರುತ್ತೆ, ಟೆಸ್ಟ್ ಮಾಡಿ, ಏರಿಲ್ಲಾಂದ್ರೆ ಸುಮ್ನಿರಿ. ಬೆಳಗ್ಗೆ ಲೈಟ್ ಬಂದ ಹೊತ್ತಿಗೆ ಸ್ವಲ್ಪ ಮೈಸಿಸ್ ಹಾಕ್ತಾ ಇರಿ.

ಮುಚ್ಚಳ_ಹಾಕ್ರಪ್ಪ:

ಅದಕ್ಕೂ ಮುಂಚೆ ಟ್ಯಾಂಕ್ ಹಿಂದಿನ ನೆಲ ಒಂದ್ಸಲ ನೋಡಿಬಿಡಿ. ಸುಮ್ನೆ ಹೇಳ್ದೆ.

ಉಪ್ಪುನೀರಿಗ:

ನೆಲ ನೋಡ್ದೆ, ಇಲ್ಲ. ಸಂಪೂ ನೋಡ್ದೆ, ಇಲ್ಲ. ಅಮೋನಿಯಾ ಸೊನ್ನೆ.

ಉಪ್ಪುನೀರಿಗ:

ಐದ್ನೇ ದಿನ, ಬಂತು!! ಲೈಟ್ ಬಂದು ಒಂದು ಗಂಟೆ ಆಗಿತ್ತು, ಮರಳಿಂದ ಮೊದಲು ಮೂತಿ, ಆಮೇಲೆ ಕಣ್ಣು, ಅಲ್ಲೇ ಎರಡು ನಿಮಿಷ ಕಣ್ಣು ಮಾತ್ರ ಹೊರಗಿಟ್ಕೊಂಡು ಆ ಕಡೆ ಈ ಕಡೆ ತಿರುಗಿಸ್ತಾ ಇತ್ತು, ನಾನು ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ. ಆಮೇಲೆ ಏನೂ ಆಗೇ ಇಲ್ಲ ಅನ್ನೋಹಂಗೆ ಎದ್ದು ಮಾಂಟಿಪೋರಾ ಅಂಚನ್ನ ಒಂದು ಸುತ್ತು ತಪಾಸಣೆ ಮಾಡಿ ಮೈಸಿಸ್ ತಿಂತು. ಗ್ರಾಮಾ ಗುಹೆಯಿಂದ ಪೂರ್ತಿ ಹೊರಗೆ ಬಂದು ಬಾಯಿ ತೆಗೆದು ಹೆದರಿಸ್ತು, ಎರಡು ವರ್ಷದಲ್ಲಿ ಅದರ ಬಾಲ ನೋಡಿದ್ದು ಇದೇ ಮೊದಲು 😂 ಇವತ್ತು ಆಫೀಸಿಗೆ ಲೇಟು.

ಒಂದು ಡೌಟು, ಮೆಶ್ ಮುಚ್ಚಳದ ಮೂಲೇಲಿ ಪಂಪ್ ವೈರ್ ಬರೋ ಜಾಗದಲ್ಲಿ ಎರಡು ಬೆರಳಷ್ಟು ಗ್ಯಾಪ್ ಇದೆ. ಅಷ್ಟೇ ಇದ್ರೆ ಪರವಾಗಿಲ್ಲ ಅಲ್ವಾ? ಮತ್ತೆ ಫ್ಲಾಶರ್ ಗಂಡು ಒಂದು ನೋಡಿಟ್ಟಿದೀನಿ.

ಮುಚ್ಚಳ_ಹಾಕ್ರಪ್ಪ:

ಅಲ್ಲ, ತೊಂದರೆ ಇದೆ. ನಿಮ್ಮ ಮೀನು ಎರಡು ಬೆರಳಿಗಿಂತ ತೆಳ್ಳಗಿದೆ. ಫಿಲ್ಟರ್ ಸ್ಪಾಂಜ್ ತುಂಡು ಕತ್ತರಿಸಿ ಅಲ್ಲಿ ತುರುಕಿ, ಇವತ್ತೇ, ಫ್ಲಾಶರ್ ಮಾತು ಆಮೇಲೆ.